ಲಯವೂ ಬೇಕು, ಎಡುಪೂ ಬೇಕು: ಹಳೆಯ ಎಂಟು ಟ್ರ್ಯಾಕಿನ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿದ್ದು

ತೀರ್ಥಹಳ್ಳಿ ಕಡೆಯ ಮನೆಯೊಂದರಿಂದ ನನ್ನ ಸ್ಟುಡಿಯೊಗೆ ಬಂದ ರಟ್ಟಿನ ಪೆಟ್ಟಿಗೆಯಲ್ಲಿದ್ದವು ನೋಡುವುದಕ್ಕೆ ಸಾಧಾರಣ ವಿಡಿಯೊ ಕ್ಯಾಸೆಟ್‌ಗಳು. ತಂದವರ ತಂದೆ ತೊಂಬತ್ತರ ದಶಕದಲ್ಲಿ ಭಾವಗೀತೆಗಳಿಗೆ ರಾಗ ಹಾಕಿ, ಬೆಂಗಳೂರಿನಲ್ಲಿ ಧ್ವನಿಮುದ್ರಿಸಿ ಕ್ಯಾಸೆಟ್ ಹೊರತಂದವರು. ಅವರು ತೀರಿಕೊಂಡ ಮೇಲೆ ಮನೆಯವರು ಒಂದು ಟೇಪನ್ನು ಹಳೆಯ ವಿಸಿಆರ್‌ಗೆ ಹಾಕಿ ನೋಡಿದ್ದರು. ಪರದೆಯ ಮೇಲೆ ಚುಕ್ಕಿಗಳ ಹೊರತು ಏನೂ ಕಾಣಲಿಲ್ಲ. ಹಾಳಾಗಿವೆ ಎಂದುಕೊಂಡು ಅಟ್ಟಕ್ಕೆ ಏರಿಸಿದ್ದರು. ಪೆಟ್ಟಿಗೆಯೊಳಗಿದ್ದ ಕೈಬರಹದ ಹಾಳೆಗಳನ್ನು ಮಗ ಓದಿ, 'ತಬಲಾ', 'ಕೊಳಲು', 'ಕೋರಸ್' ಎಂಬ ಪದಗಳನ್ನು ಕಂಡು, ಇವು ಚಿತ್ರವಲ್ಲ ಹಾಡು ಎಂದು ಊಹಿಸಿ ನನ್ನನ್ನು ಹುಡುಕಿಕೊಂಡು ಬಂದರು.

ಅವು ಅಡಾಟ್ ಟೇಪುಗಳು. ಅಮೆರಿಕದ ಅಲೆಸಿಸ್ ಕಂಪನಿ 1991ರಲ್ಲಿ ಪ್ರಕಟಿಸಿ 1992ರಲ್ಲಿ ಮಾರುಕಟ್ಟೆಗೆ ತಂದ ಧ್ವನಿಮುದ್ರಣ ಯಂತ್ರದ ಟೇಪುಗಳು. ಅಲ್ಲಿಯವರೆಗೆ ಬಹು ಟ್ರ್ಯಾಕಿನ, ಅಂದರೆ ಪ್ರತಿ ದನಿ, ಪ್ರತಿ ವಾದ್ಯವನ್ನು ಬೇರೆ ಬೇರೆ ಹಾದಿಯಲ್ಲಿ ಹಿಡಿದಿಡುವ ಡಿಜಿಟಲ್ ಯಂತ್ರವೆಂದರೆ ದೊಡ್ಡ ಸ್ಟುಡಿಯೊಗಳು ಮಾತ್ರ ಕೊಳ್ಳಬಹುದಾದ ವಸ್ತು. ಅಲೆಸಿಸ್ ಹೊಸ ಟೇಪನ್ನೇನೂ ಕಂಡುಹಿಡಿಯಲಿಲ್ಲ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಎಸ್-ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನ ಮೇಲೆಯೇ ಎಂಟು ಟ್ರ್ಯಾಕ್‌ಗಳ 16 ಬಿಟ್ ಧ್ವನಿಯನ್ನು ಬರೆಯಿತು. ಬೆಲೆ ನಾಲ್ಕು ಸಾವಿರ ಡಾಲರಿಗೆ ಸ್ವಲ್ಪ ಕಡಿಮೆ. ಎಂಟು ಸಾಲದಿದ್ದರೆ ಇನ್ನೊಂದು ಯಂತ್ರವನ್ನು ಒಂದು ಕೇಬಲ್‌ನಿಂದ ಜೋಡಿಸಿದರೆ ಹದಿನಾರು. ಹೀಗೆ 16 ಯಂತ್ರಗಳನ್ನು ಸೇರಿಸಿ 128 ಟ್ರ್ಯಾಕ್‌ವರೆಗೆ ಹೋಗಬಹುದಿತ್ತು. ಟೇಪು ಸಾಮಾನ್ಯ ವಿಡಿಯೊಗಿಂತ ಮೂರು ಪಟ್ಟು ವೇಗದಲ್ಲಿ ಓಡುವುದರಿಂದ 120 ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿಯುವುದು ಸುಮಾರು 40 ನಿಮಿಷ. ಸಣ್ಣ ಬಂಡವಾಳದವರೂ ಗಾಯಕಿಯನ್ನು ಒಂದು ಟ್ರ್ಯಾಕಿನಲ್ಲಿ, ತಬಲಾವನ್ನು ಇನ್ನೊಂದರಲ್ಲಿ, ಪಿಟೀಲನ್ನು ಮತ್ತೊಂದರಲ್ಲಿ ಇಟ್ಟುಕೊಂಡು ಆಮೇಲೆ ನಿಧಾನವಾಗಿ ಹದಗೊಳಿಸುವ ಸ್ವಾತಂತ್ರ್ಯ ಪಡೆದದ್ದು ಈ ಯಂತ್ರದಿಂದ. ಆ ಕಾಲದ ಕ್ಯಾಸೆಟ್ ಸಂಗೀತದ ಬಗ್ಗೆ ಮಾತನಾಡುವಾಗ ಕವಿ, ಗಾಯಕರ ಹೆಸರು ಬರುತ್ತದೆ. ಈ ಕಪ್ಪು ಪೆಟ್ಟಿಗೆಯ ಹೆಸರೂ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಮಗನ ಬೇಡಿಕೆ ಸ್ಪಷ್ಟವಾಗಿತ್ತು. ಮಾರುಕಟ್ಟೆಗೆ ಬಂದ ಕ್ಯಾಸೆಟ್ ಅವರಲ್ಲಿತ್ತು. ಅದರ ಪ್ರತಿ ಬೇಡ. ಪ್ರತಿಯೊಂದು ವಾದ್ಯ, ಪ್ರತಿಯೊಂದು ದನಿ ಬಿಡಿಬಿಡಿಯಾಗಿ, ಆದರೆ ಒಂದರ ಪಕ್ಕ ಒಂದು ಸರಿಯಾಗಿ ಕೂತು, ಇಂದಿನ ಧ್ವನಿಮುದ್ರಣ ತಂತ್ರಾಂಶದಲ್ಲಿ ತೆರೆದುಕೊಳ್ಳಬೇಕು. ಹಾಡುಗಳು ಎರಡು ಯಂತ್ರಗಳಲ್ಲಿ ಹಂಚಿಕೊಂಡಿದ್ದರಿಂದ, ಒಂದನ್ನು ಬಿಟ್ಟು, ಪ್ರತಿ ಟೇಪಿಗೂ ಒಂದು ಜೊತೆ ಇತ್ತು. ಬೆನ್ನಿನ ಮೇಲೆ 'ಎ', 'ಬಿ' ಎಂದು ಗುರುತು. ಎ ಟೇಪಿನಲ್ಲಿ ದನಿ, ತಬಲಾ, ಢೋಲಕ್, ಕೀಬೋರ್ಡ್. ಬಿ ಟೇಪಿನಲ್ಲಿ ಕೊಳಲು, ಮ್ಯಾಂಡೊಲಿನ್, ಕೋರಸ್ ಮತ್ತು ತಬಲಾ ಕೊಠಡಿಯ ದೂರದ ಮೈಕು. ಈ ದೂರದ ಮೈಕಿನ ಮಾತು ಮುಂದೆ ಬರುತ್ತದೆ.

ಮೊದಲು ಮಾಡಿದ ಕೆಲಸ ಪ್ರತಿ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದದ್ದು. ಅದು ಮುರಿದರೆ ಯಾವ ಯಂತ್ರವೂ ಆ ಟೇಪಿನ ಮೇಲೆ ಬರೆಯಲಾರದು. ಇದಕ್ಕಿಂತ ಅಗ್ಗದ ವಿಮೆ ಇಲ್ಲ. ಟೇಪನ್ನು ಯಂತ್ರದ ಬಾಯಿಗೆ ಕೊಡುವ ಮೊದಲು ಇದನ್ನು ಮಾಡದವರ ಕೈಗೆ ನಾನು ಯಾವ ಟೇಪನ್ನೂ ಕೊಡುವುದಿಲ್ಲ.

ಆಮೇಲೆ ಮಲೆನಾಡಿನ ಮಳೆಯ ಲೆಕ್ಕ. ಮುಚ್ಚಳ ಎತ್ತಿ ಬೆಳಕಿಗೆ ಹಿಡಿದರೆ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು. ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಓಡಿಸಿದರೆ ಅದು ಟೇಪನ್ನು ಓದುವ ತಿರುಗುವ ಹೆಡ್ಡಿಗೆ ಅಂಟಿ, ಆ ಟೇಪನ್ನೂ ಕೆಡಿಸಿ, ಅದರ ನಂತರ ಬರುವ ಒಳ್ಳೆಯ ಟೇಪನ್ನೂ ಕೆಡಿಸುತ್ತದೆ. ಹಾಗಾಗಿ ಟೇಪುಗಳನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಗಳಲ್ಲಿಟ್ಟು ಚೆನ್ನಾಗಿ ಒಣಗಲು ಬಿಟ್ಟೆ. ಒಣಗಿದ ಮೇಲೆ ಬೂಷ್ಟು ಪುಡಿಯಾಗುತ್ತದೆ, ಒರೆಸಿದರೆ ಹೋಗುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಕಿಟಕಿ ತೆರೆದು, ನೂಲು ಬಿಡದ ಬಟ್ಟೆಯ ನಡುವೆ ಟೇಪನ್ನು ಹಾಯಿಸುತ್ತ ಈ ಕೊನೆಯಿಂದ ಆ ಕೊನೆಗೆ ಸುತ್ತಿದೆ. ಇದಕ್ಕೆ ಬಳಸಿದ್ದು ಹಿಂದೆ ವಿಡಿಯೊ ಲೈಬ್ರರಿಗಳಲ್ಲಿರುತ್ತಿದ್ದ ರಿವೈಂಡರ್. ಅದರಲ್ಲಿ ಹೆಡ್ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಹೀಗೆ ಹಿಂದೆ ಮುಂದೆ ಸುತ್ತುವುದರಿಂದ ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಬಿಗಿದುಕೊಂಡಿದ್ದ ಸುರುಳಿಯೂ ಸಡಿಲಗೊಂಡು ಸಮನಾಗಿ ಕೂರುತ್ತದೆ. ಬೇಸರದ ಕೆಲಸ. ಮುಂದಿನ ಎಲ್ಲವೂ ನಿಂತಿರುವುದು ಇದರ ಮೇಲೆ.

ಯಂತ್ರಗಳ ವಿಷಯದಲ್ಲಿ ಹೇಳುವುದು ಕಡಿಮೆ. ಎರಡು ಹಳೆಯ ಅಡಾಟ್‌ಗಳು ಬೇರೆ ಬೇರೆ ಕಡೆಯಿಂದ ದೊರೆತವು. ಹೆಡ್ಡಿನ ಡ್ರಮ್ ಎಷ್ಟು ಗಂಟೆ ಓಡಿದೆ ಎಂಬುದನ್ನು ಯಂತ್ರವೇ ಲೆಕ್ಕ ಇಟ್ಟಿರುತ್ತದೆ. ಗುಂಡಿಗಳ ಒಂದು ಜೋಡಿಯನ್ನು ಒತ್ತಿದರೆ ಪರದೆಯಲ್ಲಿ ತೋರುತ್ತದೆ. ಕೊಳ್ಳುವ ಮೊದಲು ನೋಡಬೇಕಾದದ್ದು ಅದನ್ನೇ, ಹೊಳೆಯುವ ಮುಖಭಾಗವನ್ನಲ್ಲ. ದಶಕಗಳು ಕಳೆದ ಮೇಲೆ ರಬ್ಬರ್ ಯಾವ ಯಂತ್ರದಲ್ಲಿದ್ದರೂ ಗಟ್ಟಿಯಾಗುತ್ತದೆ. ಟೇಪನ್ನು ಎಳೆಯುವ ಗಾಲಿಗಳ ರಬ್ಬರನ್ನು ಬದಲಿಸಿದೆ. ಹೆಡ್ ಶುಚಿ ಮಾಡುವಾಗ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೃದುವಾದ ಚರ್ಮದ ತುಂಡನ್ನು ಡ್ರಮ್ಮಿಗೆ ಅಲುಗದಂತೆ ತಾಗಿಸಿ ಹಿಡಿದು, ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ, ಅದಕ್ಕೆ ಮತ್ತೆ ಪರಿಹಾರವಿಲ್ಲ.

ಈಗ ಮುಖ್ಯ ವಿಷಯ. ಈ ಕೆಲಸಕ್ಕೆ ಕೈ ಹಾಕುವ ಹಲವರು 'ಸಿಂಕ್', ಅಂದರೆ ಟೇಪುಗಳನ್ನು ಒಂದಕ್ಕೊಂದು ಕೂಡಿಸುವುದು, ಎಂದರೆ ಒಂದೇ ಸಂಗತಿ ಎಂದು ತಿಳಿದಿರುತ್ತಾರೆ. ಅದು ಎರಡು. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಲಯ ಒಂದು, ಎಡುಪು, ಅಂದರೆ ತಾಳದಲ್ಲಿ ಹಾಡನ್ನು ಎತ್ತಿಕೊಳ್ಳುವ ಜಾಗ, ಇನ್ನೊಂದು. ಇಬ್ಬರು ಒಂದೇ ಲಯದಲ್ಲಿ ಹಾಡಬಹುದು, ಆದರೆ ಒಬ್ಬರು ಸಮದಲ್ಲಿ ಎತ್ತಿಕೊಂಡು ಇನ್ನೊಬ್ಬರು ಅರ್ಧ ಅಕ್ಷರ ಬಿಟ್ಟು ಎತ್ತಿಕೊಂಡರೆ ಹಾಡು ಕೊನೆಯವರೆಗೂ ಕೂಡುವುದಿಲ್ಲ. ಎಡುಪು ಸರಿಯಿದ್ದು ಲಯ ಬೇರೆಯಾದರೆ ಮೊದಲು ಕೂಡಿ ಆಮೇಲೆ ಕಳಚಿಕೊಳ್ಳುತ್ತದೆ. ಡಿಜಿಟಲ್ ಧ್ವನಿಯಲ್ಲಿ ಲಯವನ್ನು ಕಾಯುವುದು ಕ್ಲಾಕ್, ಎಡುಪನ್ನು ಕಾಯುವುದು ಟೇಪಿನ ಮೇಲಿನ ವಿಳಾಸ.

ಕ್ಲಾಕ್ ಎಂದರೆ ಸೆಕೆಂಡಿಗೆ 48,000 ಬಾರಿ ಬೀಳುವ ಒಂದು ಬಡಿತ. ಪ್ರತಿ ಬಡಿತಕ್ಕೂ ಒಂದು ಸ್ಯಾಂಪಲ್, ಅಂದರೆ ಆ ಕ್ಷಣದ ಧ್ವನಿಯ ಅಳತೆ. ಟೇಪಿನಲ್ಲಿ ಇರುವುದು ಆ ಸ್ಯಾಂಪಲ್‌ಗಳ ಅಂಕಿಗಳು. ಯಂತ್ರದ ಹಿಂಬದಿಯ ಆಪ್ಟಿಕಲ್ ಕಿಂಡಿಯಿಂದ ಒಂದೇ ತೆಳುವಾದ ಕೇಬಲ್‌ನಲ್ಲಿ ಎಂಟೂ ಟ್ರ್ಯಾಕ್‌ಗಳು ಬೆಳಕಾಗಿ ಹೊರಬರುತ್ತವೆ, ಜೊತೆಗೆ ಬಡಿತವೂ ಬರುತ್ತದೆ. ಕಂಪ್ಯೂಟರಿನ ಆಡಿಯೊ ಕಾರ್ಡ್ ತನ್ನ ಸ್ವಂತ ಬಡಿತವನ್ನು ಬಿಟ್ಟು ಯಂತ್ರದ ಬಡಿತವನ್ನು ಅನುಸರಿಸಿದರೆ, ಟೇಪಿನಲ್ಲಿರುವ ಒಂದು ಸ್ಯಾಂಪಲ್ಲಿಗೆ ಫೈಲಿನಲ್ಲಿ ಒಂದೇ ಸ್ಯಾಂಪಲ್. ಹೆಚ್ಚಿಲ್ಲ, ಕಡಿಮೆಯಿಲ್ಲ. ಯಂತ್ರ ಚೂರು ವೇಗವಾಗಿ ಓಡಿದರೂ ನಿಧಾನವಾಗಿ ಓಡಿದರೂ ಎಣಿಕೆ ಬದಲಾಗುವುದಿಲ್ಲ. ನಾವು ಅಳೆಯುತ್ತಿರುವುದು ಕಾಲವನ್ನಲ್ಲ, ಎಣಿಸುತ್ತಿರುವುದು ಸ್ಯಾಂಪಲ್‌ಗಳನ್ನು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅನಲಾಗ್ ಔಟ್‌ಪುಟ್‌ನಿಂದ ಸಾಧಾರಣ ತಂತಿಗಳಲ್ಲಿ ಹೊರತಂದು, ಕಂಪ್ಯೂಟರಿನ ಇಂಟರ್‌ಫೇಸಿನಲ್ಲಿ ಮತ್ತೆ ಡಿಜಿಟಲ್ ಮಾಡಿಕೊಳ್ಳಿ ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ, ಅಂಕಿಗಳಾಗಿಯೇ ಇರುವುದನ್ನು ತೊಂಬತ್ತರ ದಶಕದ ಪರಿವರ್ತಕದ ಮೂಲಕ ಅಲೆಯಾಗಿಸಿ ಮತ್ತೆ ಅಂಕಿಯಾಗಿಸುವುದರಿಂದ ಕಳೆದುಕೊಳ್ಳುವುದೇ ಹೊರತು ಪಡೆಯುವುದೇನೂ ಇಲ್ಲ. ಎರಡನೆಯದು ಇನ್ನೂ ದೊಡ್ಡದು: ಆಗ ಎರಡು ಕ್ಲಾಕ್‌ಗಳು ತಂತಮ್ಮ ಪಾಡಿಗೆ ಓಡುತ್ತಿರುತ್ತವೆ. ಎ ಟೇಪು, ಬಿ ಟೇಪು ಬೇರೆ ಬೇರೆ ಸಲ ಓಡುವಾಗ ಅವುಗಳ ನಡುವೆ ಹತ್ತು ಲಕ್ಷಕ್ಕೆ 50 ಭಾಗದಷ್ಟು ವ್ಯತ್ಯಾಸ ಬಂದರೂ ಐದು ನಿಮಿಷದ ಹಾಡಿನ ಕೊನೆಗೆ 15 ಮಿಲಿಸೆಕೆಂಡ್ ಅಂತರ. ಪಲ್ಲವಿಯಲ್ಲಿ ಕೂಡಿದ ಕೋರಸ್ ಕೊನೆಯ ಚರಣದಲ್ಲಿ ಜಾರಿರುತ್ತದೆ. ಆಮೇಲೆ ತಂತ್ರಾಂಶದಲ್ಲಿ ಎಳೆದು ಹಿಗ್ಗಿಸಿ ಸರಿ ಮಾಡುವುದು ಆ ವಾದಕರಿಗೆ ಮಾಡುವ ಅನ್ಯಾಯ.

ಇನ್ನು ವಿಳಾಸ. ಅಡಾಟ್ ಟೇಪನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕಿತ್ತು. ಆಗ ಟೇಪಿನುದ್ದಕ್ಕೂ ಕಾಲದ ಗುರುತುಗಳು ಬರೆಯಲ್ಪಡುತ್ತಿದ್ದವು. ಒಂಬತ್ತು ಪಿನ್ನಿನ ಸಿಂಕ್ ಕೇಬಲ್‌ನಲ್ಲಿ ಒಂದು ಯಂತ್ರ ಇನ್ನೊಂದಕ್ಕೆ 'ನಾನು ಈಗ ಈ ಸ್ಯಾಂಪಲ್‌ನಲ್ಲಿದ್ದೇನೆ' ಎಂದು ತಿಳಿಸುತ್ತದೆ. ಎರಡು ಯಂತ್ರಗಳು ಹೀಗೆ ಲಾಕ್ ಆಗಿ ಧ್ವನಿಮುದ್ರಿಸಿದ ಟೇಪುಗಳಲ್ಲಿ ಅದೇ ವಿಳಾಸದಲ್ಲಿ ಅದೇ ಕ್ಷಣ ಇರುತ್ತದೆ. ಆ ವಿಳಾಸವನ್ನು ಕಂಪ್ಯೂಟರಿಗೂ ತಲುಪಿಸಿದರೆ ಫೈಲು ತನ್ನ ಜಾಗದಲ್ಲಿ ತಾನೇ ಕೂರುತ್ತದೆ.

ಮಿಡಿ ಟೈಮ್‌ಕೋಡ್ ಸಾಲದೇ ಎಂದು ಕೇಳಬಹುದು. ಅದು ಎಲೆಕ್ಟ್ರಾನಿಕ್ ವಾದ್ಯಗಳನ್ನು ಜೋಡಿಸುವ ಮಿಡಿ ವ್ಯವಸ್ಥೆಯಲ್ಲಿ ವಿಳಾಸ ತಿಳಿಸುವ ವಿಧಾನ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅದರ ಸಂದೇಶಗಳು ಬರುವುದು 10 ಮಿಲಿಸೆಕೆಂಡಿಗೊಂದು. ಪೂರ್ತಿ ವಿಳಾಸ ಕೂಡಿಬರಲು ಅಂಥ ಎಂಟು ಸಂದೇಶ ಬೇಕು. ಕೀಬೋರ್ಡಿಗೆ ಅದು ಸಾಕು. ದೂರದ ಮೈಕಿಗೆ ಸಾಲದು. ತಬಲಾದ ಹತ್ತಿರದ ಮೈಕು ಎ ಟೇಪಿನಲ್ಲಿ, ಕೊಠಡಿಯ ದೂರದ ಮೈಕು ಬಿ ಟೇಪಿನಲ್ಲಿ. ಒಂದು ಮಿಲಿಸೆಕೆಂಡ್ ಸರಿದರೆ ಮೈಕನ್ನು 34 ಸೆಂಟಿಮೀಟರ್ ಸರಿಸಿದಂತೆ. ಸಮ ಮಟ್ಟದಲ್ಲಿ ಬೆರೆತ ಎರಡು ಪ್ರತಿಗಳ ನಡುವೆ ಒಂದು ಮಿಲಿಸೆಕೆಂಡ್ ಅಂತರವಿದ್ದರೆ 500 ಹರ್ಟ್ಸ್, 1,500 ಹರ್ಟ್ಸ್ ಹೀಗೆ ಕೆಲವು ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ತಬಲಾದ ನಾದ ಟೊಳ್ಳಾಗುತ್ತದೆ. ಕೇಳುವವರಿಗೆ ಕಾರಣ ತಿಳಿಯುವುದಿಲ್ಲ, ಆದರೆ ವಾದ್ಯ ಸತ್ತಂತೆ ಅನ್ನಿಸುತ್ತದೆ.

ಆದ್ದರಿಂದ ಹುಡುಕಿದ್ದು ಒಂಬತ್ತು ಪಿನ್ನಿನ ಅಡಾಟ್ ಸಿಂಕ್ ದ್ವಾರವೇ ಇರುವ ಕಾರ್ಡನ್ನು. ಇಂದಿನ ಯುಎಸ್‌ಬಿ ಇಂಟರ್‌ಫೇಸ್‌ಗಳಲ್ಲಿ ಆಪ್ಟಿಕಲ್ ದ್ವಾರ ಧಾರಾಳವಾಗಿ ಸಿಗುತ್ತದೆ, ಆ ಒಂಬತ್ತು ಪಿನ್ನು ಸಿಗುವುದಿಲ್ಲ. ಜರ್ಮನಿಯ ಆರ್‌ಎಂಇ ಕಂಪನಿಯ ಎಚ್‌ಡಿಎಸ್‌ಪಿ 9652 ಎಂಬ ಪಿಸಿಐ ಕಾರ್ಡಿನಲ್ಲಿ ಮೂರು ಅಡಾಟ್ ಆಪ್ಟಿಕಲ್ ಜೋಡಿಗಳೂ, ಅಂದರೆ 24 ಟ್ರ್ಯಾಕ್‌ಗೆ ದಾರಿಯೂ, ಸಿಂಕ್ ದ್ವಾರವೂ ಇವೆ. ಅದಕ್ಕಾಗಿ ಪಿಸಿಐ ಸ್ಲಾಟ್ ಇರುವ ಹಳೆಯ ಕಂಪ್ಯೂಟರನ್ನು ಜೋಡಿಸಿದೆ. ತಂತ್ರಾಂಶ ಕ್ಯೂಬೇಸ್. ಅದರ ಸಿಂಕ್ ವ್ಯವಸ್ಥೆಯಲ್ಲಿ ಟೈಮ್‌ಕೋಡಿನ ಮೂಲವಾಗಿ ಆಡಿಯೊ ಕಾರ್ಡನ್ನೇ ಆರಿಸಬಹುದು. ಆಗ ಮಿಡಿಯ ಸುತ್ತುದಾರಿ ಬಿಟ್ಟು ಸ್ಯಾಂಪಲ್ ಮಟ್ಟದ ವಿಳಾಸ ನೇರವಾಗಿ ತಂತ್ರಾಂಶಕ್ಕೆ ತಲುಪುತ್ತದೆ.

ಜೋಡಣೆ ಹೀಗಿತ್ತು: ಎ ಯಂತ್ರದ ಸಿಂಕ್ ಔಟ್‌ನಿಂದ ಬಿ ಯಂತ್ರಕ್ಕೆ, ಬಿ ಯಂತ್ರದ ಸಿಂಕ್ ಔಟ್‌ನಿಂದ ಕಾರ್ಡಿಗೆ. ಎರಡೂ ಯಂತ್ರಗಳ ಆಪ್ಟಿಕಲ್ ಕೇಬಲ್‌ಗಳು ಕಾರ್ಡಿನ ಮೊದಲೆರಡು ದ್ವಾರಗಳಿಗೆ. ಕಾರ್ಡಿನ ಕ್ಲಾಕ್ ಮೊದಲ ದ್ವಾರವನ್ನು ಅನುಸರಿಸುವಂತೆ ಹೊಂದಿಸಿದ್ದು. ಈ ಕಾರ್ಡಿನ ಫಲಕದಲ್ಲಿ ನನಗೆ ಬಹಳ ಇಷ್ಟವಾದ ಒಂದು ಸೂಚನೆ ಇದೆ. ಪ್ರತಿ ದ್ವಾರದ ಎದುರು ಅದು 'ಲಾಕ್' ಎಂದೋ 'ಸಿಂಕ್' ಎಂದೋ ಬೇರೆ ಬೇರೆಯಾಗಿ ತೋರಿಸುತ್ತದೆ. ಲಾಕ್ ಎಂದರೆ ಸಂಕೇತ ಸರಿಯಾಗಿ ಬರುತ್ತಿದೆ, ಅಷ್ಟೇ. ಸಿಂಕ್ ಎಂದರೆ ಆ ಸಂಕೇತ ಮುಖ್ಯ ಕ್ಲಾಕಿನೊಂದಿಗೆ ಒಂದೇ ಬಡಿತದಲ್ಲಿದೆ. ಎರಡನೆಯ ಯಂತ್ರದ ಸಿಂಕ್ ಕೇಬಲ್ ಕಿತ್ತರೆ ಅದು ಲಾಕ್ ಎಂದೇ ತೋರುತ್ತದೆ, ಸಿಂಕ್ ಹೋಗುತ್ತದೆ. ಧ್ವನಿ ಕೇಳುತ್ತಲೇ ಇರುತ್ತದೆ, ನಡುನಡುವೆ ಸಣ್ಣ ಚಿಟುಕು ಮಾತ್ರ. ಕಿವಿ ಅದನ್ನು ಟೇಪಿನ ದೋಷ ಎಂದುಕೊಂಡುಬಿಡುತ್ತದೆ. ಫಲಕ ನೋಡಿದವರಿಗೆ ಸತ್ಯ ಗೊತ್ತಾಗುತ್ತದೆ.

ಟೇಪನ್ನು ಹಾಡಿಗಿಂತ ಸಾಕಷ್ಟು ಹಿಂದಿನಿಂದ ಓಡಿಸಿದೆ. ಎರಡನೆಯ ಯಂತ್ರ ಮೊದಲನೆಯದನ್ನು ಹಿಡಿದು ಲಾಕ್ ಆಗುವುದಕ್ಕೆ ಕೆಲವು ಸೆಕೆಂಡ್ ಬೇಕು. ಅದರ ದೀಪ ಮಿನುಗಿ, ನಿಂತು, ಸ್ಥಿರವಾದ ಮೇಲೆ ಕ್ಯೂಬೇಸಿನ ಕರ್ಸರ್ ತಾನಾಗಿ ಜಿಗಿದು ಓಡತೊಡಗಿತು. ಹದಿನಾರು ಟ್ರ್ಯಾಕ್‌ಗಳಲ್ಲಿ ಅಲೆಗಳು ಮೂಡಿದವು. ಮೊದಲು ಕೇಳಿದ್ದು ಹಾಡನ್ನಲ್ಲ. ತಬಲಾದ ಹತ್ತಿರದ ಮೈಕು ಮತ್ತು ದೂರದ ಮೈಕು, ಇವೆರಡನ್ನೇ. ಹತ್ತಿರದ ಮೈಕಿನಲ್ಲಿ ಪೆಟ್ಟು ಚೂಪಾಗಿತ್ತು. ದೂರದ್ದನ್ನು ಬೆರೆಸಿದಾಗ ಆ ಪೆಟ್ಟಿನ ಸುತ್ತ ಕೊಠಡಿ ಹುಟ್ಟಿತು, ಡಗ್ಗಾದ ಗುಮುಗು ತುಂಬಿಕೊಂಡಿತು, ಎಲ್ಲೂ ಟೊಳ್ಳಿಲ್ಲ. ಮಗ ಪಕ್ಕದಲ್ಲಿ ಕುಳಿತಿದ್ದರು. ನಡುವೆ ತಬಲಾ ನಿಂತ ಒಂದು ಕ್ಷಣದಲ್ಲಿ ದೂರದ ಮೈಕಿನಲ್ಲಿ ಅವರ ತಂದೆಯ ದನಿ, 'ಇನ್ನೊಂದು ಸಲ ಅಲ್ಲಿಂದ' ಎಂದು. ಕ್ಯಾಸೆಟ್ಟಿನಲ್ಲಿ ಎಂದೂ ಬಾರದ ಮಾತು. ಅವರು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು, ನಾನು ಹಾಕುತ್ತಾ ಹೋದೆ.

ಕೆಲವು ಜೋಡಿ ಟೇಪುಗಳು ಮುಗಿದ ಮೇಲೆ ಎರಡನೆಯ ಯಂತ್ರ ಟೇಪನ್ನು ಎಳೆದುಕೊಳ್ಳುವುದರಲ್ಲಿ ತಡವರಿಸತೊಡಗಿತು. ಇಂಥ ಸಮಯದಲ್ಲಿ ಮುಂದುವರಿಸಬಾರದು. ಯಂತ್ರ ಸಿಗುತ್ತದೆ, ಆ ಟೇಪು ಮತ್ತೆ ಸಿಗುವುದಿಲ್ಲ. ಅದನ್ನು ಬದಿಗಿಟ್ಟು ಉಳಿದದ್ದನ್ನು ಒಂದೇ ಯಂತ್ರದಲ್ಲಿ ಮಾಡಿದೆ: ಮೊದಲು ಎ ಟೇಪು ಒಂದೇ, ಆಮೇಲೆ ಅದೇ ಪ್ರಾಜೆಕ್ಟಿನಲ್ಲಿ ಕೆಳಗಿನ ಎಂಟು ಟ್ರ್ಯಾಕ್‌ಗಳಿಗೆ ಬಿ ಟೇಪು. ವಿಳಾಸ ಟೇಪಿನಲ್ಲಿಯೇ ಇರುವುದರಿಂದ ಎರಡನ್ನೂ ಒಟ್ಟಿಗೆ ಓಡಿಸಬೇಕೆಂಬ ನಿಯಮವಿಲ್ಲ. ಇದನ್ನು ನಂಬಿಕೆಗೆ ಬಿಡದೆ ಪರೀಕ್ಷಿಸಿದೆ. ಎರಡು ಯಂತ್ರಗಳಲ್ಲಿ ಮೊದಲೇ ಇಳಿಸಿದ್ದ ಒಂದು ಹಾಡಿನ ಬಿ ಟೇಪನ್ನು ಒಂಟಿ ಯಂತ್ರದಲ್ಲಿ ಮತ್ತೆ ಇಳಿಸಿ, ಹಳೆಯ ಫೈಲಿನ ಪಕ್ಕ ಇಟ್ಟು, ಒಂದರ ಧ್ರುವವನ್ನು ತಿರುಗಿಸಿ ಎರಡನ್ನೂ ಕೂಡಿಸಿದೆ. ಒಂದರಲ್ಲಿ ಮೇಲೇರುವ ಅಲೆ ಇನ್ನೊಂದರಲ್ಲಿ ಅಷ್ಟೇ ಕೆಳಗಿಳಿಯುತ್ತದೆ. ಒಂದೇ ಒಂದು ಸ್ಯಾಂಪಲ್, ಅಂದರೆ ಸೆಕೆಂಡಿನ 48,000ದಲ್ಲಿ ಒಂದು ಭಾಗ ಸರಿದಿದ್ದರೂ ಕೊಳಲಿನ ಉಸಿರು, ಕೋರಸ್ಸಿನ ಸಕಾರಗಳು ಉಳಿದು ಕೇಳಿಸುತ್ತವೆ. ಏನೂ ಕೇಳಲಿಲ್ಲ. ಮೀಟರಿನ ಸೂಚಿ ಅಲುಗಲಿಲ್ಲ.

ಈ ಪರೀಕ್ಷೆ ಇನ್ನೊಂದು ಕೆಲಸಕ್ಕೂ ಒದಗಿತು. ಟೇಪಿನಲ್ಲಿ ಸಣ್ಣ ಗಾಯಗಳಿದ್ದರೆ ಯಂತ್ರ ತನ್ನ ಹೆಚ್ಚುವರಿ ಅಂಕಿಗಳಿಂದ ಅವನ್ನು ಪೂರ್ತಿಯಾಗಿ ತಿದ್ದಿಕೊಳ್ಳುತ್ತದೆ. ಗಾಯ ದೊಡ್ಡದಾದರೆ ಅಕ್ಕಪಕ್ಕದ ಸ್ಯಾಂಪಲ್ ನೋಡಿ ನಡುವಿನದನ್ನು ಊಹಿಸುತ್ತದೆ, ದೋಷದ ದೀಪ ಮಿಟುಕಿಸುತ್ತದೆ. ಈ ಊಹೆ ಕಿವಿಗೆ ಅನೇಕ ಸಲ ತಿಳಿಯುವುದೇ ಇಲ್ಲ. ಬೂಷ್ಟು ಹೆಚ್ಚಿದ್ದ ಟೇಪುಗಳನ್ನು ಹೆಡ್ ಶುಚಿ ಮಾಡುತ್ತ ಹಲವು ಸಲ ಇಳಿಸಿ, ಒಂದು ಸಲದ್ದನ್ನು ಇನ್ನೊಂದು ಸಲದ್ದರಿಂದ ಕಳೆದು ನೋಡಿದೆ. ಎರಡೂ ಒಂದೇ ಆಗಿರುವಲ್ಲಿ ನಿಶ್ಶಬ್ದ. ಯಾವುದಾದರೂ ಒಂದರಲ್ಲಿ ಯಂತ್ರ ಊಹಿಸಿದ್ದರೆ ಆ ಜಾಗದಲ್ಲಿ ಪುಟ್ಟ ಮುಳ್ಳಿನಂಥ ಅಲೆ. ದೋಷ ಪ್ರತಿ ಸಲವೂ ಅದೇ ಜಾಗದಲ್ಲಿ ಬರುವುದಿಲ್ಲ. ಮೂರನೆಯ ಪ್ರತಿಯೊಂದು ಇದ್ದರೆ ಯಾವುದು ಸರಿ ಎಂದು ತೀರ್ಮಾನಿಸಬಹುದು. ಎರಡು ಪ್ರತಿಗಳಲ್ಲಿ ಬೇರೆ ಬೇರೆಯಾಗಿ ಒಂದೇ ಊಹೆ ಬರುವ ಸಂಭವ ತೀರ ಕಡಿಮೆ. ಹೀಗೆ ಸರಿಯಾದ ತುಂಡುಗಳನ್ನು ಆಯ್ದು ಕೂಡಿಸಿದೆ. ಯಾವ ಜಾಗದಲ್ಲಿ ಯಾವ ಸಲದ ತುಂಡು ಬಳಸಿದೆ ಎಂಬುದನ್ನು ಬರೆದಿಟ್ಟೆ. ಎಲ್ಲ ಪ್ರತಿಗಳಲ್ಲೂ ಗಾಯವಿದ್ದ ಕೆಲವು ಜಾಗಗಳನ್ನು ಹಾಗೆಯೇ ಬಿಟ್ಟು, ಅವನ್ನೂ ಬರೆದಿಟ್ಟೆ.

ಒಂದು ಜೋಡಿ ಟೇಪು ಬೇರೆಯೇ ಪ್ರಶ್ನೆ ಒಡ್ಡಿತು. ಗಾಯಕಿಯ ದನಿ ಎಳೆಯದಾಗಿ, ಅವಸರದ್ದಾಗಿ ಕೇಳುತ್ತಿತ್ತು. ಬೇರೆ ಹಾಡುಗಳನ್ನು ಐದೂವರೆ ಮನೆಯ ಶ್ರುತಿಯಲ್ಲಿ ಹಾಡಿದವರು ಇಲ್ಲಿ ಆರು ಮನೆಯನ್ನೂ ದಾಟಿ ಆರೂವರೆಗೆ ಮುಟ್ಟದೆ ನಡುವೆ ಎಲ್ಲೋ ನಿಂತಿದ್ದರು. ಯಾವ ಶ್ರುತಿಪೆಟ್ಟಿಗೆಯನ್ನೂ ಯಾರೂ ಹಾಗೆ ಇಡುವುದಿಲ್ಲ. ಆ ವಿಚಿತ್ರ ನಡುವೇ ಉತ್ತರವನ್ನು ಹೇಳುತ್ತಿತ್ತು. ಮೊದಲ ತಲೆಮಾರಿನ ಅಡಾಟ್ ಓಡುವುದು 48,000 ಸ್ಯಾಂಪಲ್ ವೇಗದಲ್ಲಿ. ಸಿಡಿಯ 44,100 ಬೇಕೆಂದರೆ ಪಿಚ್ ಗುಂಡಿಯಿಂದ ವೇಗವನ್ನು 147 ಸೆಂಟ್ ಇಳಿಸಿ ಧ್ವನಿಮುದ್ರಿಸುತ್ತಿದ್ದರು. ನೂರು ಸೆಂಟ್ ಎಂದರೆ ಅರ್ಧ ಮನೆ. ಹಾಗೆ ಮಾಡಿದ ಟೇಪನ್ನು ಪೂರ್ಣ ವೇಗದಲ್ಲಿ ಓಡಿಸಿದರೆ 147 ಸೆಂಟ್ ಏರುತ್ತದೆ, ಐದು ನಿಮಿಷದ ಹಾಡು 4 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ಗಾಯಕಿಗೆ ಫೋನ್ ಮಾಡಿ ಕೇಳಿದಾಗ ಆ ದಿನಗಳಲ್ಲಿ ತಮ್ಮದು ಎಂದೂ ಐದೂವರೆಯೇ ಎಂದರು. ಇದಕ್ಕೆ ಯಾವ ಪರಿವರ್ತನೆಯೂ ಬೇಕಿಲ್ಲ. ಸ್ಯಾಂಪಲ್‌ಗಳು ಎಲ್ಲವೂ ಸರಿಯಾಗಿಯೇ ಬಂದಿವೆ. ಅವುಗಳನ್ನು ಯಾವ ವೇಗದಲ್ಲಿ ಓದಬೇಕು ಎಂಬ ಹಣೆಪಟ್ಟಿ ಮಾತ್ರ ಬದಲಾಗಬೇಕು. ಫೈಲಿನ ತಲೆಬರಹದಲ್ಲಿ 48,000 ಇದ್ದಲ್ಲಿ 44,100 ಬರೆದೆ. ಆಕೆಯ ದನಿ ತನ್ನ ಮನೆಗೆ ಬಂದು ಕೂತಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು 'ಸಿ' ಎಂದು ಬರೆದಿದ್ದ ಒಂಟಿ ಟೇಪು. ಅದರಲ್ಲಿ ಒಂದೇ ಹಾಡಿಗೆ ಪಿಟೀಲುಗಳ ಸಮೂಹವಿತ್ತು. ಆ ಕಾಲದಲ್ಲಿ ಪಿಟೀಲು ತಂಡ ಬೇಕೆಂದರೆ ಚೆನ್ನೈಗೆ ಹೋಗುವುದು ರೂಢಿ. ಎರಡು ಯಂತ್ರ, ಎರಡು ಟೇಪು ಹೊತ್ತುಕೊಂಡು ಹೋಗುವ ಬದಲು ಹೊಸ ಟೇಪೊಂದರ ಮೊದಲ ಟ್ರ್ಯಾಕಿಗೆ ಗಾಯಕಿಯ ದನಿಯನ್ನು, ಎರಡನೆಯದಕ್ಕೆ ರಿದಂ ವಾದ್ಯಗಳ ಮಿಶ್ರಣವನ್ನು ಗೈಡ್ ಆಗಿ ತುಂಬಿಕೊಂಡು ಅದೊಂದನ್ನೇ ಒಯ್ದಿದ್ದರು. ಉಳಿದ ಆರು ಟ್ರ್ಯಾಕ್‌ಗಳಲ್ಲಿ ಪಿಟೀಲು. ಆದರೆ ಎ ಟೇಪಿನಲ್ಲಿ ಈ ಹಾಡು ಇದ್ದದ್ದು ಬಹಳ ಮುಂದೆ. ಸಿ ಟೇಪಿನಲ್ಲಿ ಆರಂಭದಲ್ಲಿಯೇ. ಟೇಪಿನ ವಿಳಾಸವನ್ನು ನಂಬಿ ಇಳಿಸಿದರೆ ಪಿಟೀಲುಗಳು ಬೇರೊಂದು ಹಾಡಿನ ಮೇಲೆ ಹೋಗಿ ಕೂರುತ್ತವೆ. ಕ್ಲಾಕ್ ಸರಿ, ವಿಳಾಸ ಬೇರೆ.

ಇಲ್ಲಿ ನೆರವಿಗೆ ಬಂದದ್ದು ಟ್ರ್ಯಾಕ್ ಶೀಟ್, ಪೆಟ್ಟಿಗೆಯಲ್ಲಿದ್ದ ಆ ಕೈಬರಹದ ಹಾಳೆ. ಅಂದಿನ ಧ್ವನಿಮುದ್ರಕರು ನೀಲಿ ಶಾಯಿಯಲ್ಲಿ, ಅಂಚಿನಲ್ಲಿ, ಆಫ್‌ಸೆಟ್ (ಎರಡು ಟೇಪುಗಳ ವಿಳಾಸಗಳ ನಡುವಿನ ಅಂತರ) ಎಷ್ಟೆಂದು ನಿಮಿಷ, ಸೆಕೆಂಡ್, ಫ್ರೇಮ್, ಫ್ರೇಮಿನ ನೂರನೆಯ ಭಾಗದವರೆಗೆ ಬರೆದಿಟ್ಟಿದ್ದರು. ಯಾರೆಂದು ಹಾಳೆಯಲ್ಲಿಲ್ಲ. ಅವರ ಶಿಸ್ತಿಗೆ ನಾನು ಋಣಿ. ಆ ಅಂಕಿಯಿಂದ ಸಿ ಟೇಪಿನ ಫೈಲುಗಳನ್ನು ಸರಿಸಿದಾಗ ಪಿಟೀಲು ಹಾಡಿನೊಂದಿಗೆ ಕೂಡಿತು. ಕಿವಿಗೆ ಅಷ್ಟು ಸಾಕಾಗಿತ್ತು. ಆದರೆ 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ 1,920 ಸ್ಯಾಂಪಲ್, ಅದರ ನೂರನೆಯ ಭಾಗ 19 ಸ್ಯಾಂಪಲ್. ಕಾಗದ ಅದಕ್ಕಿಂತ ಸೂಕ್ಷ್ಮವಾಗಿ ಹೇಳಲಾರದು.

ಉಳಿದ ಅಂತರವನ್ನು ಗೈಡ್ ಟ್ರ್ಯಾಕ್ ಹೇಳಿತು. ಆ ದನಿಯನ್ನು ಎ ಟೇಪಿನಿಂದ ಆಪ್ಟಿಕಲ್ ಕೇಬಲ್ ಮೂಲಕ ಡಿಜಿಟಲ್ ಆಗಿಯೇ ನಕಲು ಮಾಡಿದ್ದರೆ ಎರಡರ ಅಂಕಿಗಳೂ ಒಂದೇ ಆಗಿರಬೇಕು. ಎ ಟೇಪಿನ ದನಿಯ ಧ್ರುವ ತಿರುಗಿಸಿ, ಸಿ ಟೇಪಿನ ಗೈಡನ್ನು ಒಂದೊಂದೇ ಸ್ಯಾಂಪಲ್ ಸರಿಸುತ್ತ ಕೇಳಿದೆ. ದನಿ ತೆಳುವಾಗುತ್ತ, ಬರಿಯ ಉಸಿರಾಗುತ್ತ ಹೋಗಿ, ಒಂದು ಸ್ಥಾನದಲ್ಲಿ ಪೂರ್ತಿ ಮಾಯವಾಯಿತು. ಪಿಟೀಲು ವಾದಕರು ನುಡಿಸಿದ್ದು ಈ ಗೈಡನ್ನು ಕೇಳಿಕೊಂಡೇ. ಆದ್ದರಿಂದ ಗೈಡ್ ಕೂಡಿದ ಸ್ಥಾನವೇ ಪಿಟೀಲಿನ ನಿಜವಾದ ಸ್ಥಾನ. ಆರು ಟ್ರ್ಯಾಕ್‌ಗಳನ್ನೂ ಅದರೊಂದಿಗೆ ಕಟ್ಟಿ ಸರಿಸಿದೆ.

ಆದರೆ ಹಾಡು ಮುಂದುವರಿದಂತೆ ಎರಡನೆಯ ಚರಣದ ಕೊನೆಯ ಸಾಲಿನಲ್ಲಿ ಆ ಮೌನ ಒಡೆಯಿತು. ಇಬ್ಬರು ಗಾಯಕಿಯರು ಹೆಚ್ಚು ಕಡಿಮೆ ಒಟ್ಟಿಗೆ ಹಾಡಿದಂತೆ ಕೇಳಿ, ಸಾಲು ಮುಗಿದೊಡನೆ ಮತ್ತೆ ಮೌನ. ಸಿಂಕ್ ತಪ್ಪಿದ್ದರೆ ಅದು ಮರಳಿ ಕೂಡುತ್ತಿರಲಿಲ್ಲ. ಎರಡನ್ನೂ ಬಿಡಿಸಿ ಕೇಳಿದಾಗ ತಿಳಿಯಿತು: ಗೈಡ್ ನಕಲಾದ ಮೇಲೆ ಗಾಯಕಿ ಬಂದು ಆ ಒಂದು ಸಾಲನ್ನು ಎ ಟೇಪಿನಲ್ಲಿ ಮತ್ತೆ ಹಾಡಿದ್ದಾರೆ. ಟೇಪಿನಲ್ಲಿ ಹೊಸದನ್ನು ಬರೆದರೆ ಹಳೆಯದು ಅಳಿಯುತ್ತದೆ. ಮೊದಲ ಹಾಡಿಕೆ ಉಳಿದಿರುವುದು ಚೆನ್ನೈಗೆ ಹೋಗಿ ಬಂದ ಈ ಟೇಪಿನಲ್ಲಿ ಮಾತ್ರ. ಕ್ಯಾಸೆಟ್ಟಿನಲ್ಲಿ ಬಂದದ್ದು ಎರಡನೆಯದು, ಸ್ವರ ಖಚಿತ, ಗಮಕ ಅಚ್ಚುಕಟ್ಟು. ಮೊದಲನೆಯದರಲ್ಲಿ ತಾರ ಷಡ್ಜಕ್ಕೆ ಏರುವಾಗ ದನಿ ಒಂದಿಷ್ಟು ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿಯೇ ಕವಿತೆಯ ನೋವು ಇದೆ. ನನಗೆ ಮೊದಲನೆಯದೇ ಹೆಚ್ಚು ಇಷ್ಟ. ಗಾಯಕಿಗೆ ಎರಡನ್ನೂ ಕಳುಹಿಸಿದೆ. ಸಂಯೋಜಕರಿಗೂ ತಮಗೂ ಆ ಸಾಲಿನ ಬಗ್ಗೆ ಅಂದು ವಾದವೇ ನಡೆದಿತ್ತೆಂದೂ, ಬಿರುಕು ಇರಲಿ ಎಂದವರು ಅವರೇ, ಬೇಡ ಎಂದದ್ದು ತಾನೆಂದೂ ಹೇಳಿದರು. ಈಗ ಯಾವುದನ್ನು ಬಳಸಬೇಕೆಂದು ಅವರೂ ಮಗನೂ ಕೂತು ನಿರ್ಧರಿಸುತ್ತಾರೆ.

ಕೊನೆಯ ಕೆಲಸ ಫೈಲುಗಳದ್ದು. 16 ಬಿಟ್, 48,000 ಸ್ಯಾಂಪಲ್, ಎಂಟು ಟ್ರ್ಯಾಕ್, 40 ನಿಮಿಷ ಎಂದರೆ ಒಂದು ಟೇಪಿಗೆ ಸುಮಾರು 1.84 ಜಿಬಿ. ಪೂರ್ತಿ ಪೆಟ್ಟಿಗೆ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಆದರೂ ಬೇರೆ ಬೇರೆ ಮನೆಗಳಲ್ಲಿಡುವ ಹಾರ್ಡ್‌ಡಿಸ್ಕ್‌ಗಳಲ್ಲಿ ಪ್ರತಿ ಮಾಡಿಸಿದೆ. ಕ್ಯೂಬೇಸಿನ ಪ್ರಾಜೆಕ್ಟನ್ನು ಮಾತ್ರ ಕೊಡಲಿಲ್ಲ. ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ. ಪ್ರತಿ ಟ್ರ್ಯಾಕನ್ನೂ ಬ್ರಾಡ್‌ಕಾಸ್ಟ್ ವೇವ್ ಫೈಲಾಗಿ ಉಳಿಸಿದೆ. ಆ ಬಗೆಯ ಫೈಲಿನೊಳಗೆ ಅದು ಶುರುವಾಗುವ ಜಾಗ ಸ್ಯಾಂಪಲ್ ಲೆಕ್ಕದಲ್ಲಿಯೇ ಬರೆದಿರುತ್ತದೆ. ಅದನ್ನು ಓದಲು ಬಾರದ ತಂತ್ರಾಂಶಕ್ಕಾಗಿ ಒಂದು ಹಾಡಿನ ಎಲ್ಲ ಫೈಲುಗಳನ್ನೂ ಒಂದೇ ಬಿಂದುವಿನಿಂದ ಆರಂಭಿಸಿ ಒಂದೇ ಉದ್ದಕ್ಕೆ ಕತ್ತರಿಸಿದೆ. ಎಲ್ಲವನ್ನೂ ಸೊನ್ನೆಯಲ್ಲಿ ಇಟ್ಟರೆ ಸಾಕು, ಕೂಡಿಕೊಳ್ಳುತ್ತವೆ. ಟ್ರ್ಯಾಕ್ ಶೀಟ್‌ಗಳನ್ನು ಸ್ಕ್ಯಾನ್ ಮಾಡಿ ಅದೇ ಫೋಲ್ಡರಿನಲ್ಲಿ ಇಟ್ಟೆ. ಸಿ ಟೇಪಿನ ಗೈಡ್ ಟ್ರ್ಯಾಕ್‌ಗಳನ್ನೂ ಬಿಡದೆ ಸೇರಿಸಿದೆ.

ಮಿಕ್ಸ್ ಮಾಡುವವರು ಮೈಸೂರಿನ ಯುವ ಧ್ವನಿತಂತ್ರಜ್ಞರು. ಅವರಿಗೆ ಫೈಲುಗಳ ಜೊತೆ ಒಂದು ಹಾಳೆ ಬರೆದು ಕಳುಹಿಸಿದ್ದೇನೆ: ತಬಲಾದ ಎರಡು ಮೈಕುಗಳನ್ನು ಎಂದೂ ಬೇರೆ ಬೇರೆಯಾಗಿ ಸರಿಸಬೇಡಿ, 44,100 ಎಂದು ಗುರುತಿಸಿದ ಹಾಡುಗಳನ್ನು ಬೇರೆ ಪ್ರಾಜೆಕ್ಟಿನಲ್ಲಿ ತೆರೆಯಿರಿ, ಎರಡನೆಯ ಚರಣದ ಕೊನೆಯ ಸಾಲಿನ ವಿಷಯದಲ್ಲಿ ಗಾಯಕಿಯ ಉತ್ತರ ಬರುವವರೆಗೆ ಎರಡು ಹಾಡಿಕೆಗಳನ್ನೂ ಇಟ್ಟುಕೊಂಡಿರಿ.